ಖಾಲಿ ಕೊಡಬಾರದ ಪೆನ್‌ಡ್ರೈವ್

ಲಕ್ಷ್ಮೇಶ್ವರದ ಬಜಾರದ ಹಿಂದಿನ ಓಣಿಗೆ ಹೋಗಿ ಮಂಜುಳಾ ಅವರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಕಂಪ್ಯೂಟರ್ ಮಂಜಕ್ಕ ಎನ್ನಬೇಕು. ಆಗ ಗಿರಣಿಯ ಮುಂದೆ ಹಿಟ್ಟಿಗೆ ಕಾದು ನಿಂತವರು ಕೂಡ ಕೈ ಮಾಡಿ ಮನೆ ತೋರಿಸುತ್ತಾರೆ. ತೋರಿಸಿ ಸುಮ್ಮನಾಗುವುದಿಲ್ಲ, "ಸ್ವಲ್ಪ ಸಿಟ್ಟಿನಾಕಿ ಅದಾಳ, ಸಮಾಧಾನಲೇ ಮಾತಾಡ್ರಿ" ಎಂದು ಬುದ್ಧಿಯನ್ನೂ ಹೇಳಿ ಕಳಿಸುತ್ತಾರೆ. ಸಿಟ್ಟಿನವಳು ಎಂಬುದು ಸುಳ್ಳಲ್ಲ. ಆದರೆ ಆಕೆಗೆ ಸಿಟ್ಟು ಕಲಿಸಿದವರು ಯಾರು ಎಂದು ಆ ಓಣಿ ಒಂದು ದಿನವೂ ತನ್ನನ್ನು ತಾನು ಕೇಳಿಕೊಂಡಿಲ್ಲ.

ಮಂಜುಳಾ ಹುಟ್ಟಿದ್ದು ಸೊರಟೂರಿನಲ್ಲಿ. ಗದಗಿಗೆ ಬಸ್ಸಿನಲ್ಲಿ ಓಡಾಡಿ ಟೈಪಿಂಗ್ ಕಲಿತಳು, ಅದರ ಬೆನ್ನಿಗೇ ಕಂಪ್ಯೂಟರ್ ಕಲಿತಳು. ಬಸ್ ಕಂಡಕ್ಟರ್ ಯಲ್ಲೇಶನನ್ನು ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಬಂದ ಮೇಲೆ ಇಲ್ಲಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಎಲ್ಲರ ಕೈಗೂ ಮೊಬೈಲ್ ಬಂದು ಕ್ಲಾಸಿಗೆ ಬೀಗ ಬಿತ್ತು. ಮನೆ ಮನೆಯ ಪಡಸಾಲೆಯಲ್ಲಿ ಕೂತ ಕಂಪ್ಯೂಟರುಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವು ಕೆಟ್ಟಾಗಲೆಲ್ಲ ಜನ ಮಂಜುಳಾನ ಹೆಸರು ಹಿಡಿದು ಕೂಗತೊಡಗಿದರು. ಈಗ ಆಕೆಗೆ ಅದೇ ಕೆಲಸ. ಸ್ಕೂಟಿಯ ಮುಂದೆ ಒಂದು ಚೀಲ, ಚೀಲದಲ್ಲಿ ಸ್ಕ್ರೂಡ್ರೈವರ್, ಧೂಳು ಹೊಡೆಯುವ ಬ್ರಷ್, ಒಂದಿಷ್ಟು ಕೇಬಲ್. ಕೀಲಿ ಗೊಂಚಲಿಗೆ ಕಟ್ಟಿದ ಒಂದು ಕೆಂಪು ಪೆನ್‌ಡ್ರೈವ್. ಅದು ಆಕೆಯ ಜೀವ. ಅದರಷ್ಟು ಸ್ವಚ್ಛವಾದ ವಸ್ತು ಇಡೀ ಓಣಿಯಲ್ಲಿ ಇರಲಿಲ್ಲ.

ಬೆಳಿಗ್ಗೆ ರೊಟ್ಟಿ ತಟ್ಟುವ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತದೆ. ಮುಂಡರಗಿ ಕಡೆಯ ಕೊರ್ಲಹಳ್ಳಿಯಲ್ಲಿ ಮಾಳಿಂಗರಾಯ ಎಂಬ ರೈತನಿದ್ದಾನೆ. ಅವನ ತಂಗಿಯನ್ನು ಇದೇ ಓಣಿಗೆ ಕೊಟ್ಟಿದ್ದಾರೆ, ಅಷ್ಟು ಸಂಬಂಧದ ಮೇಲೆ ಅವನಿಗೂ ಮಂಜುಳಾ ಅಕ್ಕ.

"ಅಕ್ಕಾರ, ಕಂಪ್ಯೂಟರ್ ನಿಂತಬಿಟ್ಟೈತ್ರಿ. ಏನ್ ಒತ್ತಿದ್ರೂ ಅಳ್ಳಾಡವಲ್ದು."

"ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ."

"ಮಾಡೀನ್ರಿ. ಮತ್ತ ಅದಽ ಬರ್ತೈತಿ."

"ಯಾವ ಬಟನ್ ಒತ್ತಿದ್ರಿ?"

"ಟಿವಿದ್ರಿ."

ಟಿವಿ ಎಂದರೆ ಪರದೆ. ಪರದೆಯನ್ನು ಆರಿಸಿ ಹಚ್ಚಿದರೆ ಕಂಪ್ಯೂಟರ್ ಆರುವುದಿಲ್ಲ, ಕೆಳಗಿನ ಡಬ್ಬಿಯೇ ಕಂಪ್ಯೂಟರ್ ಎಂದು ಮಂಜುಳಾ ಅವನಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಾಳೆ. ಅವನಿಗೆ ಆ ಡಬ್ಬಿಯನ್ನು ಮುಟ್ಟಲು ಅಂಜಿಕೆ. ಒಮ್ಮೆ ಅದು ಅಪ್‌ಡೇಟ್ ಆಗುತ್ತಿದ್ದಾಗ, ಯಾರೋ ಕಳ್ಳರು ಒಳಗೆ ಹೊಕ್ಕಿದ್ದಾರೆಂದು ತಿಳಿದು ಗೋಡೆಯಿಂದ ವೈರನ್ನೇ ಕಿತ್ತುಹಾಕಿದ್ದ. ಅಪ್‌ಡೇಟ್ ಅಂದರೆ ಕಳ್ಳರು ಬಾರದಂತೆ ಅಗಳಿ ಬಿಗಿ ಮಾಡುವ ಕೆಲಸ, ಅದು ಮುಗಿಯುವ ತನಕ ಕೈ ಕಟ್ಟಿ ಕುಂಡ್ರಬೇಕು ಎಂದು ಆಕೆ ಹೇಳಿದಾಗ, "ಮೊದ್ಲ ಹೇಳಿದ್ರ ಚಲೋ ಇತ್ರಿ" ಎಂದಿದ್ದ. ಮೊದಲೇ ಹೇಳಿದ್ದಳು. ಎರಡು ಸಲ ಹೇಳಿದ್ದಳು.

ಹೊರಗಿನವರ ಕಥೆ ಇದಾದರೆ, ಓಣಿಯೊಳಗಿನ ಅಂದಪ್ಪನವರ ಮನೆಯದು ಪುರಾಣ. ಅಂದಪ್ಪನವರು ಹತ್ತಿಕಾಳಿನ ವ್ಯಾಪಾರ ಮಾಡಿದವರು, ಈಗ ಅಂಗಡಿಯನ್ನು ಮಗನಿಗೆ ಬಿಟ್ಟು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಅವರ ಹೆಂಡತಿ ಗದಿಗೆವ್ವ. ಅವರ ಕಂಪ್ಯೂಟರ್ ಬೇಸಿಗೆಯಲ್ಲಿ ತಾನಾಗಿ ಆರಿಹೋಗುತ್ತದೆ ಎಂದು ಮಂಜುಳಾನನ್ನು ಕರೆಸಿದ್ದರು. ಹೋಗಿ ನೋಡಿದರೆ ಡಬ್ಬಿಯ ಮೇಲೆ ಗದಿಗೆವ್ವ ಹಳೆ ಸೀರೆಯ ತುಂಡು ಕೂಡಿಸಿ ಕೈಯಾರೆ ಹೊಲಿದ ಕೌದಿ. ನಾಲ್ಕೂ ಕಡೆ ಲಾಡಿ ಕಟ್ಟಿ, ಕೂಸಿಗೆ ಕುಲಾಯಿ ಹಾಕಿದಂತೆ ಬಿಗಿ ಮಾಡಿದ್ದರು.

"ಅಮ್ಮಾರ, ಇದು ಉಸಿರಾಡಬೇಕ್ರಿ. ಹಿಂದ ಫ್ಯಾನ್ ಐತಿ, ಬಿಸಿ ಗಾಳಿ ಅಲ್ಲಿಂದ ಹೊರಗ ಹೋಗಬೇಕು."

"ಧೂಳ ಕುಂಡರಬಾರ್ದಂತ ಹಾಕೀನವ್ವ. ನೀನಽ ಹೇಳಿದ್ದಿ ಧೂಳ ಆಗಬಾರ್ದಂತ."

ಹೇಳಿದ್ದು ನಿಜ. ಮಂಜುಳಾ ಹಲ್ಲು ಕಚ್ಚಿಕೊಂಡು ಕೌದಿ ಬಿಚ್ಚಿ ಮಡಿಸಿ, ಆರಿಸಿದ ಮೇಲೆ ಮಾತ್ರ ಹಾಕಿರಿ ಎಂದು ಹೇಳಿ ಬಂದಳು.

ಪಾಸ್‌ವರ್ಡಿನದು ಇನ್ನೊಂದು. ಮನೆಯವರೆಲ್ಲರೂ ಎಲ್ಲದಕ್ಕೂ ಮನೆದೇವರ ಹೆಸರನ್ನೇ ಇಟ್ಟಿದ್ದರು. ಊರಿಗೆಲ್ಲ ಗೊತ್ತಿರುವ ಹೆಸರು ಬೀಗವಾಗುವುದಿಲ್ಲ ಎಂದು ಮಂಜುಳಾ ತಲೆ ಕೆಡಿಸಿಕೊಂಡು, ಯಾರಿಗೂ ಹೊಳೆಯದ ಉದ್ದನೆಯ ಪಾಸ್‌ವರ್ಡ್ ಒಂದನ್ನು ಮಾಡಿಕೊಟ್ಟಳು. ಯಾರಿಗೂ ತೋರಿಸಬೇಡಿ ಎಂದಳು. ಅಂದಪ್ಪನವರು ತಲೆಯಾಡಿಸಿದರು. ದೀಪಾವಳಿಯ ಪೂಜೆಗೆ ಹೋದಾಗ ಗೋಡೆಯ ಮೇಲೆ ಶುಭ ಲಾಭದ ಕೆಳಗೆ, ಕುಂಕುಮದಲ್ಲಿ, ದಪ್ಪ ಅಕ್ಷರದಲ್ಲಿ ಆ ಪಾಸ್‌ವರ್ಡ್ ಬರೆದಿತ್ತು. ಬಂದ ನೆಂಟರೆಲ್ಲ ಅದಕ್ಕೂ ಕೈ ಮುಗಿದು ಹೋಗುತ್ತಿದ್ದರು.

ಇನ್ನೊಮ್ಮೆ ಪರದೆಯ ತುಂಬ ಕೆಂಪು ಅಕ್ಷರ ಬಂದು, ನಿಮ್ಮ ಕಂಪ್ಯೂಟರಿಗೆ ರೋಗ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಎಂದಿತು. ಗದಿಗೆವ್ವ ಮಾಡಿದರು. ಆ ಕಡೆಯವನು ಏನೇನೋ ಒತ್ತಲು ಹೇಳಿದ. ಗದಿಗೆವ್ವ ಅವನ ಊರು ಯಾವುದು, ಊಟ ಆಯಿತೋ ಇಲ್ಲವೋ, ತಾಯಿ ತಂದೆ ಇದ್ದಾರೋ ಇಲ್ಲವೋ ಎಂದು ವಿಚಾರಿಸುತ್ತ ಕೂತರು. ಕೊನೆಗೆ ಅವನೇ ಬೇಸತ್ತು ಫೋನ್ ಇಟ್ಟ. "ಇಡ್ತೀನಿ ಅಂತ ಸೈತ ಹೇಳ್ಲಿಲ್ಲ ನೋಡವ್ವ, ಎಂಥಾ ಮಂದಿ" ಎಂದು ಗದಿಗೆವ್ವ ನೊಂದುಕೊಂಡರು. ಅಂಥ ಕಡೆ ಫೋನ್ ಮಾಡಲೇಬಾರದು, ಡಬ್ಬಿಯನ್ನು ಆರಿಸಿಬಿಡಬೇಕು ಎಂದು ಮಂಜುಳಾ ಕೂಗಾಡಿದಳು. ಗದಿಗೆವ್ವ ಎಲ್ಲವನ್ನೂ ಕೇಳಿ, "ಅವಲಕ್ಕಿ ಹಚ್ಚೀನಿ, ತಿಂದು ಬೈ" ಎಂದರು.

ಇವೆಲ್ಲವನ್ನೂ ಮಂಜುಳಾ ಹೇಗೋ ತಾಳಿಕೊಂಡಿದ್ದಳು. ತಾಳಿಕೊಳ್ಳಲಾಗದ್ದು ಒಂದೇ, ಪೆನ್‌ಡ್ರೈವ್.

ಈ ಕಡೆಯ ಮನೆಗಳಲ್ಲಿ ಒಂದು ರೂಢಿ ಇದೆ. ನೆರೆಮನೆಯಿಂದ ಡಬ್ಬಿಯಲ್ಲಿ ಏನಾದರೂ ಬಂದರೆ ಆ ಡಬ್ಬಿಯನ್ನು ಖಾಲಿ ಮರಳಿಸಬಾರದು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ ಹಾಕಿ ಕೊಡಬೇಕು, ಇಲ್ಲದಿದ್ದರೆ ಹಿತ್ತಿಲ ಕರಿಬೇವು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಹೀಗೆ ಒಂದೇ ಡಬ್ಬಿ ಓಣಿಯ ಆ ತುದಿಯಿಂದ ಈ ತುದಿಗೆ ವರ್ಷಗಟ್ಟಲೆ ಓಡಾಡುತ್ತದೆ, ಅದು ಮೊದಲು ಯಾರದಾಗಿತ್ತು ಎಂಬುದು ಎಲ್ಲರಿಗೂ ಮರೆತುಹೋಗುತ್ತದೆ. ಇಂಥ ಓಣಿಗೆ ಪೆನ್‌ಡ್ರೈವ್ ಬಂತು. ಬಂದದ್ದೇ ತಡ, ಓಣಿ ಅದನ್ನೂ ಡಬ್ಬಿಗಳ ಸಾಲಿಗೆ ಸೇರಿಸಿಬಿಟ್ಟಿತು. ಯಾರಾದರೂ ಕಡ ಒಯ್ದರೆ ಕೊಡುವಾಗ ಅದರಲ್ಲಿ ಏನಾದರೂ ಹಾಕಿಯೇ ಕೊಡುತ್ತಿದ್ದರು. ಭಜನೆ, ತೊಟ್ಟಿಲ ಕಾರ್ಯದ ಫೋಟೊ, ನಗೆಹನಿಯ ವಿಡಿಯೊ, ಉಪ್ಪಿನಕಾಯಿ ಹಾಕುವ ಬಗೆ. ಅವುಗಳ ಸಂಗಡ ಒಂದು ಮನೆಯ ವೈರಸ್ ಇನ್ನೊಂದು ಮನೆಗೆ ಸುಖವಾಗಿ ಹೋಗಿ ಸೇರುತ್ತಿತ್ತು. ಮಂಜುಳಾ ಒಂದು ಮನೆಯದನ್ನು ತೊಳೆದು ಮನೆಗೆ ಬರುವಷ್ಟರಲ್ಲಿ ಇನ್ನೊಂದು ಮನೆಯಲ್ಲಿ ಅದೇ ರೋಗ.

"ಯಾರದರ ಪೆನ್‌ಡ್ರೈವ್ ಹಾಕಿದ್ರ ಮೊದ್ಲ ಸ್ಕ್ಯಾನ್ ಮಾಡ್ರಿ," ಎನ್ನುತ್ತಿದ್ದಳು ಮಂಜುಳಾ. "ಗೊತ್ತಿಲ್ಲದ ಫೈಲ್ ತೆರೀಬ್ಯಾಡ್ರಿ. ಅಳಿಸಿ ಒಗೀರಿ. ಮತ್ತ ನಿಮಗ ಬೇಕಾದ್ದನ್ನ ಎರಡು ಕಡೆ ಇಡ್ರಿ. ಇಷ್ಟಽ. ಇಷ್ಟು ಮಾಡಿದ್ರ ನನ್ನ ಕರೀಯೂದಽ ಬ್ಯಾಡ."

ಆಕೆ ತಾನು ಹೇಳಿದ್ದನ್ನು ತಾನು ಚಾಚೂ ತಪ್ಪದೆ ಮಾಡುತ್ತಿದ್ದಳು. ಆ ಕೆಂಪು ಪೆನ್‌ಡ್ರೈವನ್ನು ಯಾರಾದರೂ ಒಯ್ದು ತಂದುಕೊಟ್ಟರೆ, ಅದರಲ್ಲಿ ಏನಿದೆ ಎಂದು ಕೂಡ ನೋಡದೆ ಎಲ್ಲವನ್ನೂ ಅಳಿಸಿ, ತೊಳೆದ ತಾಟಿನಂತೆ ಮಾಡಿ ಇಟ್ಟುಕೊಳ್ಳುತ್ತಿದ್ದಳು. "ಈ ಮಂದಿ ಹಾಕಿದ ಹಾಳುಮೂಳು" ಎಂದು ಗೊಣಗುತ್ತಲೇ ಅಳಿಸುತ್ತಿದ್ದಳು. ಹಾಗೆ ಅಳಿಸುವಾಗ ಮನಸ್ಸಿಗೆ ಎಷ್ಟೋ ಹಗುರವಾಗುತ್ತಿತ್ತು.

ಶಿವರಾತ್ರಿ ಮುಗಿದು ಲಗ್ನದ ದಿನಗಳು ಹತ್ತಿರ ಬಂದಿದ್ದವು. ಒಂದು ಬೆಳಿಗ್ಗೆ ಅನೀಸ ಓಡುತ್ತ ಬಂದಳು. ಅನೀಸಳದು ಓಣಿಯ ತುದಿಯ ಮನೆ. ಮಂಜುಳಾನ ಕ್ಲಾಸಿನಲ್ಲೇ ಕಲಿತವಳು. ಕಂಪ್ಯೂಟರಿನಲ್ಲಿ ಹೂವು ಬಳ್ಳಿ ಬರೆದು, ಪೆನ್‌ಡ್ರೈವಿಗೆ ಹಾಕಿ, ಅದನ್ನು ಕಸೂತಿ ಮಷಿನ್‌ಗೆ ಚುಚ್ಚಿದರೆ ಮಷಿನ್ ತಾನೇ ಕುಪ್ಪಸದ ತೋಳಿನ ಮೇಲೆ ಹೂವು ತೆಗೆಯುತ್ತದೆ. ಆ ಹೂವುಗಳನ್ನು ಅನೀಸ ಎಲ್ಲಿಂದಲೂ ಕದ್ದವಳಲ್ಲ. ಮದುವೆಯಾಗಿ ಬಂದಂದಿನಿಂದ ಕೂತು ಕೂತು, ಒಂದೊಂದು ಎಸಳನ್ನೂ ತಾನೇ ಬರೆದವಳು. ಶಿರಹಟ್ಟಿ, ಮುಂಡರಗಿಯಿಂದ ಕೂಡ ಜನ ಮದುವೆಯ ಕುಪ್ಪಸ ಹಿಡಿದುಕೊಂಡು ಅವಳ ಮನೆಗೆ ಬರುತ್ತಿದ್ದದ್ದು ಆ ಹೂವಿಗಾಗಿಯೇ.

"ಮಂಜಕ್ಕ, ಮಷಿನ್‌ನ್ಯಾಗ ಹೂವು ಬರವಲ್ವು. ಪೆನ್‌ಡ್ರೈವ್ ಹಾಕಿದ್ರ ಖಾಲಿ ಅಂತ ತೋರಸ್ತೈತಿ." ಅವಳ ಕೈಯಲ್ಲಿ ಅರ್ಧ ಹೊಲಿದ ಒಂದು ಹಸಿರು ಕುಪ್ಪಸ ಇತ್ತು. ಗದಿಗೆವ್ವನ ಮೊಮ್ಮಗಳು ಸ್ನೇಹಾಳ ಮದುವೆಯ ಕುಪ್ಪಸ.

ಮಂಜುಳಾ ಪೆನ್‌ಡ್ರೈವ್ ತೆಗೆದುಕೊಂಡು, ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ತೆರೆದಳು. ಒಳಗೆ ಭಜನೆ. ಭಜನೆಯ ಕೆಳಗೆ ಭಜನೆ, ಅದರ ಕೆಳಗೆ ಪ್ರವಚನ. ಸಾಸಿವೆ ಹಾಕಲು ಜಾಗವಿರಲಿಲ್ಲ. ಹೂವಿನ ಸುಳಿವೇ ಇಲ್ಲ.

"ಇದನ್ನ ಯಾರಿಗೆ ಕೊಟ್ಟಿದ್ದಿ?"

"ಗದಿಗೆವ್ವ ಅಮ್ಮಾರ ಒಯ್ದಿದ್ರು, ಶಿವರಾತ್ರಿ ಜಾಗರಣಿಗೆ ಟಿವಿಯೊಳಗ ಹಚ್ಚಾಕ. ನಿನ್ನಿ ತಂದು ಕೊಟ್ರು."

"ಆತು. ನಿನ್ನ ಕಂಪ್ಯೂಟರ್‌ನ್ಯಾಗ ಇರ್ಬೇಕಲ್ಲ ಎಲ್ಲಾ?"

ಅನೀಸ ನೆಲ ನೋಡಿದಳು. "ಅದು ಹ್ವಾದ ಮಳಿಗಾಲದಾಗ ಸಿಡ್ಲ ಬಡದು ಹೋತಲ್ಲ ಅಕ್ಕ. ಗುಡುಗಿದ್ರ ಪ್ಲಗ್ ತಗೀ ಅಂತ ನೀವು ಹೇಳಿದ್ರಿ. ಕೈಯಾಗ ಹೊಲಿಗಿ ಇತ್ತು, ಏಳೂದ್ರಾಗ ಬಡೀತು. ಅದಕ್ಕೂ ಮೊದ್ಲ ಎಲ್ಲಾನೂ ಪೆನ್‌ಡ್ರೈವಿಗೆ ಹಾಕಿದ್ನಲ್ಲ, ಅದೊಂದು ಚಲೋ ಆಗಿತ್ತು."

"ಎರಡು ಕಡೆ ಇಡು ಅಂತ ಹೇಳಿದ್ನೋ ಇಲ್ಲೋ?"

"ಇಟ್ಟಿದ್ದೆ ಅಕ್ಕ." ಅನೀಸಳ ಮುಖ ಸ್ವಲ್ಪ ಗೆಲುವಾಯಿತು. "ಎರಡು ಫೋಲ್ಡರ್ ಮಾಡಿ ಎರಡರಾಗೂ ಇಟ್ಟಿದ್ದೆ. ಅದಽ ಪೆನ್‌ಡ್ರೈವ್‌ನ್ಯಾಗ."

ಮಂಜುಳಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಒಂದೇ ಕಪಾಟಿನ ಎರಡು ಖಾನೆಯಲ್ಲಿ ಒಡವೆ ಇಟ್ಟು ಎರಡು ಕಡೆ ಇಟ್ಟಿದ್ದೇನೆ ಎನ್ನುವವಳಿಗೆ ಏನು ಹೇಳುವುದು? ಎರಡು ಕಡೆ ಅಂದರೆ ಎರಡು ಬೇರೆ ಬೇರೆ ವಸ್ತುವಿನಲ್ಲಿ ಎಂದು ಬಿಡಿಸಿ ಹೇಳಬೇಕಿತ್ತೇ? ಹೇಳಬೇಕಿತ್ತು ಅಂತ ಕಾಣುತ್ತದೆ. ಈ ಓಣಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ಬೈಯಬೇಕೆಂದು ತಲೆ ಎತ್ತಿದವಳು ಅನೀಸಳ ಮುಖ ನೋಡಿ ಬೈಗುಳವನ್ನು ನುಂಗಿದಳು. ಅವಳ ಮನೆಯ ಮೂಲೆಯಲ್ಲಿ ಮದುವೆಯ ಕುಪ್ಪಸಗಳ ಗಂಟು ಬಿದ್ದಿತ್ತು. ಹೂವಿಲ್ಲದಿದ್ದರೆ ಅವೆಲ್ಲವೂ ವಾಪಸ್ಸು ಹೋಗಬೇಕು, ಮುಂದೆ ಮಷಿನ್ ಮಾರಬೇಕು. ಬರೆದವೆಲ್ಲವನ್ನೂ ಮತ್ತೆ ಬರೆಯುವುದೆಂದರೆ ಮತ್ತೊಮ್ಮೆ ಅಷ್ಟೇ ವರ್ಷ ಬದುಕಬೇಕು.

"ನಡಿ," ಎಂದಳು ಮಂಜುಳಾ. "ಇನ್ನ ಆ ಪೆನ್‌ಡ್ರೈವಿಗೆ ಯಾರೂ ಏನೂ ಹಾಕಬ್ಯಾಡ್ರಿ. ಒಂದು ಸಣ್ಣ ಹಾಡು ಸೈತ ಹಾಕಬ್ಯಾಡ್ರಿ."

ಗದಿಗೆವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ವಿಷಯ ಕೇಳಿ ಅವರ ಕೈ ನಿಂತಿತು.

"ಅಯ್ಯ ಶಿವನ, ನಾ ಖಾಲಿ ಕೊಡಬಾರ್ದಂತ ತುಂಬಿಸಿ ಕೊಟ್ಟೀನವ್ವ. ಅಕಿ ಕೇಳೂಹಂಗಿಲ್ಲಂದ್ರೂ, ಮನಿಗೆ ಬಂದಾರರ ಕೇಳ್ತಾರಂತ."

"ತುಂಬಿಸಿ ತಂದಾರು ಯಾರ್ರಿ?"

ಅಂದಪ್ಪನವರು ಕುರ್ಚಿಯಲ್ಲಿ ಕೂತು ಕೆಮ್ಮಿದರು. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲಿಗೆ ಹಾಡು ತುಂಬುವ ಒಂದು ಅಂಗಡಿಗೆ ತಾವೇ ಒಯ್ದಿದ್ದಾಗಿ ಹೇಳಿದರು. "ಪೂರಾ ತುಂಬಪಾ ಅಂದೆ. ಜಾಗ ಇಲ್ರಿ ಕಾಕಾ, ಏನೋ ಬಿಳಿ ಬಿಳಿ ಫೈಲ್ ಅದಾವ, ತೆರೀವಲ್ವು ಅಂದ. ತೆರೀದಿದ್ರ ತಗದು ಒಗಿ ಅಂದೆ."

"ಯಾಕಂದ್ರಿ ಕಾಕಾರ? ಯಾರದೋ ವಸ್ತು, ತಗೀ ಅಂತ ಯಾಕಂದ್ರಿ?"

ಅಂದಪ್ಪನವರಿಗೆ ಇದು ಅನ್ಯಾಯವೆನಿಸಿತು. "ನೀನಽ ಹೇಳಿದ್ದಿಯಲ್ಲವ್ವ ಮಂಜವ್ವ, ಗೊತ್ತಿಲ್ಲದ ಫೈಲ್ ತೆರೀಬ್ಯಾಡ್ರಿ, ಅಳಿಸಿ ಒಗೀರಿ ಅಂತ. ಹ್ವಾದ ವಾರ ಇಲ್ಲೇ ನಿಂತು ಬೈದು ಹೇಳಿದಿ."

ಇಷ್ಟು ವರ್ಷದಲ್ಲಿ ಈ ಮನೆಯವರು ಆಕೆಯ ಮಾತನ್ನು ಕಿವಿಗೆ ಹಾಕಿಕೊಂಡದ್ದು ಇದೊಂದೇ ಸಲ. ಮಂಜುಳಾನಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಆ ಗೋಡೆಯ ಮೇಲೆ ಆಕೆಯೇ ಮಾಡಿಕೊಟ್ಟ ಪಾಸ್‌ವರ್ಡ್ ಕುಂಕುಮದಲ್ಲಿ ಇನ್ನೂ ಕಾಣುತ್ತಿತ್ತು.

ಅಲ್ಲೇ ಅವರ ಕಂಪ್ಯೂಟರಿನ ಮುಂದೆ ಕೂತು ಅಳಿಸಿದ್ದನ್ನು ಹುಡುಕುವ ಪ್ರೋಗ್ರಾಮ್ ಹಚ್ಚಿದಳು. ಅಳಿಸಿದ ಫೈಲು ಆ ಕೂಡಲೇ ನಾಶವಾಗುವುದಿಲ್ಲ. ಅದರ ಜಾಗದ ಮೇಲೆ ಬೇರೆಯದನ್ನು ಬರೆಯುವ ತನಕ ತೆಗೆಯಲು ಬರುತ್ತದೆ. ಆದರೆ ಅಂಗಡಿಯವನು ಪೂರಾ ತುಂಬು ಎಂದದ್ದಕ್ಕೆ ಪೂರಾ ತುಂಬಿದ್ದ. ಒಂದೊಂದು ಹೂವಿನ ಮೇಲೂ ಒಂದೊಂದು ಭಜನೆ ಕೂತುಬಿಟ್ಟಿತ್ತು. ಪ್ರೋಗ್ರಾಮ್ ಮುಗಿದಾಗ ಒಂದು ಎಸಳೂ ಬರಲಿಲ್ಲ. ಅನೀಸ ಕುಪ್ಪಸವನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ನಿಂತಿದ್ದಳು. ಗದಿಗೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮಾಡಲು ಇನ್ನೇನೂ ಇರಲಿಲ್ಲ. ಅಂಗಡಿಯಿಂದ ವೈರಸ್ ಏನಾದರೂ ಬಂದಿದೆಯೋ ನೋಡೋಣವೆಂದು ಮಂಜುಳಾ ಅಂದಪ್ಪನವರ ಕಂಪ್ಯೂಟರನ್ನು ಸ್ಕ್ಯಾನ್‌ಗೆ ಹಚ್ಚಿದಳು. ಆ ಪರದೆಯೋ, ಸಂತೆ ಮುಗಿದ ಮೈದಾನ. ಒಂದರ ಮೇಲೊಂದು ಬಿದ್ದ ಫೈಲುಗಳು. ಇವನ್ನೆಲ್ಲ ತೆಗೆದುಹಾಕುತ್ತೇನೆ ಎಂದು ಆಕೆ ಎಷ್ಟೋ ಸಲ ಜಗಳ ತೆಗೆದಿದ್ದಳು. "ಯಾರರ ಪ್ರೀತಿಲೆ ಕೊಟ್ಟಿರ್ತಾರ, ಇರ್ಲಿ ಬಿಡು" ಎಂದು ಗದಿಗೆವ್ವ ಮುಟ್ಟಗೊಟ್ಟಿರಲಿಲ್ಲ. ಈಗ ಆ ರಾಶಿಯ ನಡುವೆ ಒಂದಿಷ್ಟು ಬಿಳಿ ಹಾಳೆಯಂಥ ಗುರುತುಗಳು ಕಂಡವು. ತೆರೆಯಲು ಹೋದರೆ ತೆರೆಯುವುದಿಲ್ಲ.

"ಇವು ಯಾವ್ರಿ ಅಮ್ಮಾರ?"

ಅನೀಸ ಬಗ್ಗಿ ನೋಡಿದಳು. "ಅಯ್ಯ, ಅವು ನನ್ನವು ಅಕ್ಕ. ನನ್ನ ಪೆನ್‌ಡ್ರೈವ್ ಯಾರ ಮನ್ಯಾಗರ ಇದ್ದಾಗ ಇವರದು ಕಡ ಒಯ್ತಿದ್ದೆ. ಹೊಳ್ಳಿ ಕೊಡೂಮುಂದ ಖಾಲಿ ಹೆಂಗ ಕೊಡೂದು? ನನ್ನ ಹತ್ರ ಬ್ಯಾರೆ ಏನೈತಿ? ಒಂದಿಷ್ಟು ಹೂವು ಹಾಕಿ ಕೊಡ್ತಿದ್ದೆ."

"ಇವರ ಹತ್ರ ಕಸೂತಿ ಮಷಿನ್ ಇಲ್ಲಲ್ಲ, ಇವರೇನ್ ಮಾಡ್ತಾರ ಇದನ್ನ ತಗೊಂಡು?"

"ಏನ್ ಮಾಡ್ತಾರಂತ ಯಾರ ಕೇಳ್ಯಾರ ಅಕ್ಕ? ಕೊಡೂದು ಕೊಡಬೇಕು."

"ಎಷ್ಟು ಮನಿಗೆ ಹಿಂಗ ಕೊಟ್ಟಿ?"

"ಎಲ್ಲಾರಿಗೂ ಕೊಟ್ಟೀನಿ."

 ಮಂಜುಳಾ ಎದ್ದು ಚೀಲ ಹೆಗಲಿಗೆ ಹಾಕಿದಳು. ಆ ದಿನ, ಮರುದಿನ, ಅದರ ಮರುದಿನ ಆಕೆ ಓಣಿಯನ್ನು ಜರಡಿ ಹಿಡಿದಳು. ಗಾದಿ ಅಂಗಡಿಯ ಫಕ್ರುಸಾಬರ ಮನೆಯಲ್ಲಿ ನವಿಲುಗಳು ಸಿಕ್ಕವು. "ಏನಂತ ಗೊತ್ತಿರ್ಲಿಲ್ಲವ್ವ, ಅನೀಸಾ ಕೊಟ್ಟಿದ್ಲಂತ ಇಟ್ಟಿದ್ದೆ" ಎಂದರು ಅವರು. ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದ ತಿರಕಪ್ಪನವರ ಮನೆಯಲ್ಲಿ ಮಾವಿನಕಾಯಿಯ ಅಂಚು, ಮಲ್ಲಿಗೆಯ ಬಳ್ಳಿ. ಅವರ ಕಂಪ್ಯೂಟರ್ ಹೋದ ವರ್ಷದ ಯುಗಾದಿಯಿಂದಲೂ ಹತ್ತುತ್ತಿಲ್ಲ ಎಂದರು. ನೋಡಿದರೆ ಗೋಡೆಯ ಸ್ವಿಚ್ಚೇ ಆರಿತ್ತು. ಮಂಜುಳಾ ಅದನ್ನು ಒತ್ತಿದಳು. ಎಲ್ಲರ ಮನೆಯಲ್ಲೂ ಕಸ, ಎಲ್ಲರ ಮನೆಯ ಕಸದಲ್ಲೂ ಹೂವು. ಅಳಿಸಿರಿ ಎಂದು ಆಕೆ ಬೈದು ಬಂದ ಒಂದೊಂದು ಮನೆಯೂ ಆಕೆಯ ಮಾತು ಮೀರಿತ್ತು, ಸದ್ಯ.

ಕೊರ್ಲಹಳ್ಳಿಯ ಮಾಳಿಂಗರಾಯನಿಗೂ ತಂಗಿಯ ಮನೆಯಿಂದ ಒಂದು ಪೆನ್‌ಡ್ರೈವ್ ಹೋಗಿತ್ತು. ಫೋನಿನಲ್ಲಿ ಹೇಳಿ ಉಪಯೋಗವಿಲ್ಲ, ಕಂಪ್ಯೂಟರನ್ನೇ ತಾ ಎಂದಳು. ಅವನು ಪಾಪ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡು, ಟವೆಲ್ ಸುತ್ತಿಕೊಂಡು ತಂದ. ಬಿಚ್ಚಿದರೆ ಪರದೆ. ಡಬ್ಬಿ ಕೊರ್ಲಹಳ್ಳಿಯಲ್ಲೇ ಇತ್ತು.

"ಚಿತ್ರ ಇದರಾಗಽ ಕಾಣಸ್ತಾವಲ್ರಿ ಅಕ್ಕಾರ," ಎಂದ ಮಾಳಿಂಗರಾಯ.

ಮಂಜುಳಾ ಅವನಿಗೆ ಊಟ ಬಡಿಸಿದಳು. ಉಣ್ಣುವಷ್ಟು ಹೊತ್ತೂ ಒಂದು ಮಾತೂ ಆಡಲಿಲ್ಲ, ಆಡಿದರೆ ಏನಾಗುವುದೋ ಎಂಬ ಹೆದರಿಕೆ ಆಕೆಗೇ ಇತ್ತು. ಮರುದಿನ ತಾನೇ ಬಸ್ಸು ಹತ್ತಿ ಹೋಗಿ ತಾವರೆಗಳನ್ನು ತಂದಳು.

ಕೊನೆಗೆ ಎಲ್ಲವನ್ನೂ ಗದಿಗೆವ್ವನ ಮನೆಯಲ್ಲೇ ಒಟ್ಟು ಮಾಡಿದರು. ಒಂದು ಪ್ರತಿ ಅನೀಸಳ ಪೆನ್‌ಡ್ರೈವಿಗೆ, ಒಂದು ಅಂದಪ್ಪನವರ ಕಂಪ್ಯೂಟರಿಗೆ, ಇನ್ನೊಂದು ಮಂಜುಳಾನ ಕಂಪ್ಯೂಟರಿಗೆ. ಬೇರೆ ಬೇರೆ ವಸ್ತು, ಬೇರೆ ಬೇರೆ ಮನೆ. ಅನೀಸ ಪೆನ್‌ಡ್ರೈವ್ ಒಯ್ದು ಮಷಿನ್‌ಗೆ ಹಾಕಿ ನೋಡಿ ಬಂದಳು. ಸ್ನೇಹಾಳ ಕುಪ್ಪಸದ ತೋಳಿನ ಮೇಲೆ ಬಳ್ಳಿ ಹಬ್ಬತೊಡಗಿದೆ ಎಂದಳು. ಗದಿಗೆವ್ವ ಎಲ್ಲರಿಗೂ ಚಹಾ ಇಟ್ಟರು. ಮಂಜುಳಾ ಬಹಳ ದಿನಗಳ ಮೇಲೆ ಕಾಲು ಚಾಚಿ ಕೂತಳು.

"ಎಲ್ಲಾ ಬಂದುವ?" ಎಂದು ಕೇಳಿದರು ಅಂದಪ್ಪನವರು. ತಪ್ಪು ತಮ್ಮದೆಂಬ ಭಾರ ಅವರ ಮೇಲಿಂದ ಇನ್ನೂ ಇಳಿದಿರಲಿಲ್ಲ.

"ಬಂದಂಗಽ ರೀ ಕಾಕಾ. ಒಂದು ಉಳೀತು." ಅನೀಸ ಮಂಜುಳಾನ ಕೀಲಿ ಗೊಂಚಲಿನ ಕಡೆ ನೋಡಿ ನಕ್ಕಳು. "ಅದು ಮಂಜಕ್ಕನ ಹತ್ರ ಐತಿ. ಅದನ್ನ ಬ್ಯಾರೆ ಯಾರಿಗೂ ಕೊಟ್ಟಿಲ್ಲ."

"ನನ್ನ ಹತ್ರ ಯಾವುದು?"

"ನಿಮ್ಮವ್ವಾರ ಸೆರಗಿಂದು ಅಕ್ಕ."

ಮಂಜುಳಾನ ತಾಯಿ ಇಲಕಲ್ ಸೀರೆಯ ಸೆರಗಿನ ಮೇಲೆ ಕೈಯಿಂದಲೇ ಕಸೂತಿ ಹಾಕುತ್ತಿದ್ದವರು. ಗೋಪುರ, ತುಳಸಿಕಟ್ಟೆ, ನಡುವೆ ಅವರದೇ ಒಂದು ಹಕ್ಕಿ. ಅಂಥ ಹಕ್ಕಿಯನ್ನು ಸೊರಟೂರಿನಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಹರಿದ ಆ ಸೀರೆ ಕೌದಿಗೆ ಹೋಯಿತು, ಸೆರಗಿನ ತುಂಡು ಕೌದಿಯ ನಡುವಿನ ಚೌಕವಾಯಿತು. ಒಮ್ಮೆ ಅನೀಸ ಬಿಸಿಲಿಗೆ ಹಾಕಿದ ಆ ಕೌದಿಯ ಮುಂದೆ ಒಂದು ಮಧ್ಯಾಹ್ನವೆಲ್ಲ ಕೂತಿದ್ದಳು. ಎಳೆ ಎಣಿಸುತ್ತಿದ್ದಾಳೆ ಎಂದು ಮಂಜುಳಾನಿಗೆ ಹೊಳೆದಿರಲಿಲ್ಲ, ಕೆಲಸವಿಲ್ಲದೆ ಕೂತಿದ್ದಾಳೆ ಎಂದುಕೊಂಡಿದ್ದಳು. ಆಮೇಲೆ ಆ ಕೌದಿಯನ್ನು ಎಷ್ಟು ಸಲ ಒಗೆದರೋ, ದಾರವೆಲ್ಲ ಉದುರಿ ಈಗ ಆ ಚೌಕದಲ್ಲಿ ಬರೀ ಬಟ್ಟೆ ಉಳಿದಿತ್ತು.

"ಸಿಡ್ಲ ಬಡಿಯೂ ಮೊದ್ಲ ಬರದಿದ್ದೆ," ಎಂದಳು ಅನೀಸ. "ನಿಮ್ಮ ಕೆಂಪು ಪೆನ್‌ಡ್ರೈವ್ ಒಯ್ದಿದ್ನಲ್ಲ, ಅದರಾಗ ಹಾಕಿ ಕೊಟ್ಟೆ. ಮರುದಿನ ಕೇಳಿದ್ದೆ ನಿಮ್ಮನ್ನ, ಹಿಡಿಸ್ತೇನ ಅಕ್ಕ ಅಂತ. ಹಿಡಿಸ್ತು ಅಂದ್ರಿ."

ಮಂಜುಳಾನಿಗೆ ನೆನಪಾಯಿತು. ಆ ದಿನ ಸ್ಕೂಟಿ ಚಾಲೂ ಮಾಡಿಕೊಂಡು ನಿಂತಿದ್ದಳು. ಎಲ್ಲಿಗೋ ಹೋಗುವ ಗಡಿಬಿಡಿ. ಯಾವುದೋ ವಿಡಿಯೊ ಇರಬೇಕೆಂದುಕೊಂಡು, ಮಾತು ಮುಗಿದರೆ ಸಾಕೆಂದು, ಹಿಡಿಸ್ತು ಅಂದಿದ್ದಳು. ಪೆನ್‌ಡ್ರೈವ್ ಆಗಲೇ ತೊಳೆದ ತಾಟಾಗಿತ್ತು.

ಗೊಂಚಲು ಕೈಯಲ್ಲೇ ಇತ್ತು. ಅದನ್ನು ಕಂಪ್ಯೂಟರಿಗೆ ಹಾಕಿ ನೋಡುವ ಅಗತ್ಯವೇ ಇರಲಿಲ್ಲ. ಅದಾದ ಮೇಲೆ ಅದು ಎಷ್ಟು ಸಲ ತುಂಬಿತ್ತೋ, ಎಷ್ಟು ಸಲ ಖಾಲಿಯಾಗಿತ್ತೋ. ಎಲ್ಲರಿಗಿಂತ ಚೆನ್ನಾಗಿ ಆಕೆಗೇ ಗೊತ್ತಿತ್ತು, ಅಲ್ಲಿ ಏನೂ ಉಳಿದಿರಲಾರದು.

"ಅಳಿಸೀನಿ ಅನೀಸಾ," ಎಂದಳು. "ನಾ ನೋಡಽ ಇಲ್ಲ. ಬಂದ ದಿನಾನಽ ಅಳಿಸೀನಿ."

ಅಂದಪ್ಪನವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಮಂಜುಳಾ ಬೈಗುಳಕ್ಕೆ ಕಾದಳು. ಇವರಲ್ಲಿ ಯಾರೇ ಇಂಥ ಕೆಲಸ ಮಾಡಿದ್ದರೂ ಆಕೆ ಓಣಿ ಒಂದಾಗುವಂತೆ ಬೈದಿರುತ್ತಿದ್ದಳು. ಯಾರದೋ ವಸ್ತುವನ್ನು ತಗೀ ಅಂತ ಯಾಕಂದಿರಿ ಎಂದು ಅಂದಪ್ಪನವರಿಗೆ ಇದೇ ಜಾಗದಲ್ಲಿ ನಿಂತು ಅಂದಿದ್ದಳಲ್ಲ. ಈಗ ಅವರು ಆ ಮಾತನ್ನು ತಿರುಗಿ ಅನ್ನಬಹುದಿತ್ತು. ಅನ್ನಲಿಲ್ಲ.

ಅನೀಸ ಒಂದು ಹೆಜ್ಜೆ ಮುಂದೆ ಬಂದಳು.

"ಅಂದ್ರ, ನಿಮಗ ಹಿಡಿಸಲಿಲ್ಲ ಅಂತೇನಲ್ಲ, ಹೌದಲ್ಲ ಅಕ್ಕ?"

"ಏನು?"

"ಒಂದ್ ಕುಪ್ಪಸದ ಅರಿವಿ ತಂದು ಕೊಡ್ತೀರಿ, ಹಾಕಿ ಕೊಡ್ಬೇಕಂತ ಕಾಯ್ದೆ. ನೀವು ತರ್ಲೇ ಇಲ್ಲ. ಅವ್ವಾರ ಹಕ್ಕಿ ಮಷಿನ್‌ಲೆ ಮಾಡೂದು ನಿಮಗ ಸೇರಿಲ್ಲಂತ ತಿಳ್ಕೊಂಡಿದ್ದೆ. ಕೇಳದಽ ಬರದು ತಪ್ಪು ಮಾಡಿದ್ನೇನೋ ಅಂತ ನನಗ ಆವಾಗಿಂದ ಒಂದ ನಮೂನಿ ಆಗಿತ್ತು." ಅವಳು ಉಸಿರು ಬಿಟ್ಟಳು. ಮುಖದಲ್ಲಿ ನಿಜವಾಗಿಯೂ ಸಮಾಧಾನ ಕಾಣುತ್ತಿತ್ತು. "ನೋಡಿಲ್ಲಂದ್ರ ಆತ್ ಬಿಡ್ರಿ. ಅಷ್ಟಽ ಅಲ್ಲೇನ್ರಿ?"

ಅಷ್ಟು ದಿನ ಈ ಹುಡುಗಿ ಆ ಭಾರ ಹೊತ್ತು, ದಿನಾ ಎದುರಿಗೆ ಬಂದಾಗ ನಕ್ಕು ಮಾತಾಡಿಸಿದ್ದಳು.

"ಚಾ ಆರಾಕತ್ತೈತಿ, ಕುಡಿ," ಎಂದರು ಗದಿಗೆವ್ವ. ತಾವೇ ಎದ್ದು ಬಟ್ಟಲನ್ನು ಮಂಜುಳಾನ ಕೈಗೆ ಕೊಟ್ಟರು.

ಮಂಜುಳಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರಾದರೂ ಒಬ್ಬರು ಬೈದರೆ ಸಾಕಿತ್ತು. ತಿರುಗಿ ಒಂದು ಮಾತಾಡಿ, ಜಗಳವಾಡಿ, ಎದ್ದು ಹೋಗಬಹುದಿತ್ತು. ಈ ಓಣಿ ಅದನ್ನೂ ಮಾಡಲಿಲ್ಲ. ಆಕೆ ಚಹಾ ಕುಡಿದಳು, ಖಾಲಿ ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.